ಮಗಳು ಬೇಕಾದರೆ ಪಾಲಿನ ಮಾತು ಬಿಡು ಅಂತಿದ್ದಾರೆ. ಕುಟುಂಬ ನ್ಯಾಯಾಲಯಕ್ಕೆ ಹೋಗಿ ಬಂದವರು ದಯವಿಟ್ಟು ಹೇಳಿ

ಹೊಸನಗರದ ಅಮ್ಮ, ಮೇ 12

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯಲೋ ಬೇಡವೋ ಅಂತ ಒಂದು ವಾರ ಯೋಚಿಸಿದೆ. ನಮ್ಮ ಕಡೆ ಇಂಥ ಮಾತು ಹೊರಗೆ ಹಾಕಿದರೆ ಮಾನ ಹೋಗುತ್ತದೆ ಅಂತಾರೆ. ಆದರೆ ಕೇಳದೆ ಇರಲು ಆಗುತ್ತಿಲ್ಲ.

ನನ್ನ ತವರು ತೀರ್ಥಹಳ್ಳಿ ಕಡೆ. ಕೊಟ್ಟಿದ್ದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಗೆ. ಮದುವೆಯಾಗಿ ಹತ್ತು ವರ್ಷ. ಎರಡು ವರ್ಷದಿಂದ ಬೇರೆ ಇದ್ದೇನೆ. ಶಿವಮೊಗ್ಗದಲ್ಲಿ ಬಾಡಿಗೆ ಮನೆ, ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮಗಳಿಗೆ ಏಳು ವರ್ಷ. ನನ್ನ ಜೊತೆ ಇದ್ದಾಳೆ, ಇಲ್ಲೇ ಶಾಲೆಗೆ ಹೋಗುತ್ತಾಳೆ.

ನನ್ನ ಗಂಡ ಕೆಟ್ಟವರು ಅಂತ ಹೇಳಲು ಬಂದಿಲ್ಲ. ಅವರು ಹೊಡೆದವರಲ್ಲ, ಕುಡಿದವರಲ್ಲ. ನಮ್ಮಿಬ್ಬರಿಗೆ ಹೊಂದಿಕೆ ಆಗಲಿಲ್ಲ, ಅಷ್ಟೇ. ಮಗಳಿಗೆ ಅಪ್ಪ ಅಂದರೆ ಪ್ರಾಣ. ತೋಟಕ್ಕೆ ಹೋದರೆ ಅವರ ಹೆಗಲ ಮೇಲೆಯೇ ಇರುತ್ತಿದ್ದಳು.

ಆ ಮನೆಯಲ್ಲಿ ಮೂರು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಪಹಣಿ ಮಾವನವರ ಹೆಸರಿನಲ್ಲಿದೆ. ಇವರೂ ಇವರ ತಮ್ಮನೂ ಒಟ್ಟಿಗೇ ಇದ್ದಾರೆ, ಹಿಸ್ಸೆ ಆಗಿಲ್ಲ. ನನ್ನ ತವರಿನಲ್ಲಿ ಹಾಕಿದ ಅವಲಕ್ಕಿ ಸರ, ಎರಡು ಬಳೆ ಅಲ್ಲೇ ಉಳಿದವು. ಒಂದು ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಲು ದುಡ್ಡಿಲ್ಲ ಅಂತ ಸರ ಅಡವಿಟ್ಟಿದ್ದರು. ಇನ್ನೂ ಬಿಡಿಸಿಲ್ಲ.

ಹೋದ ತಿಂಗಳು ಹಿರಿಯರು ಕೂತು ಮಾತಾಡಿದರು. ಮೈದುನ ಛಾಪಾ ಕಾಗದದಲ್ಲಿ ಬರೆಸಿಕೊಂಡೇ ಬಂದಿದ್ದರು. ಮಗಳನ್ನು ನನಗೆ ಬಿಡುತ್ತಾರಂತೆ. ಅದಕ್ಕೆ ಬದಲಾಗಿ ನಾನೂ ಮಗಳೂ ಜೀವನಾಂಶ, ಒಡವೆ, ಪಾಲು ಯಾವುದನ್ನೂ ಮುಂದೆ ಕೇಳಬಾರದಂತೆ. ಸಹಿ ಹಾಕದಿದ್ದರೆ ಕೋರ್ಟಿಗೆ ಹೋಗಿ ಮಗಳನ್ನೇ ತೆಗೆದುಕೊಳ್ಳುತ್ತೇವೆ, ಐದು ವರ್ಷ ದಾಟಿದ ಮಗು ಅಪ್ಪನಿಗೇ ಸೇರುವುದು ಅಂದರು.

ನಾನು ಸಹಿ ಹಾಕಲಿಲ್ಲ. ಆದರೆ ಅವತ್ತಿನಿಂದ ನಿದ್ದೆ ಇಲ್ಲ. ಮಗಳು ಶಾಲೆಯಿಂದ ಹತ್ತು ನಿಮಿಷ ತಡವಾದರೆ ಎದೆ ಹೊಡೆದುಕೊಳ್ಳುತ್ತದೆ. ಐದು ವರ್ಷದ ಕಾನೂನು ನಿಜವಾ? ಆ ಕಾಗದಕ್ಕೆ ಸಹಿ ಹಾಕಿಬಿಟ್ಟರೆ ನೆಮ್ಮದಿಯಾಗಿ ಇರಬಹುದಾ?

ತುಂಗೆ ದಡದವಳು, ಮೇ 12

ಅಕ್ಕ, ಸಹಿ ಹಾಕಬೇಡಿ. ಉಳಿದದ್ದು ತಿಳಿದವರು ಹೇಳುತ್ತಾರೆ. ಇವತ್ತು ಊಟ ಮಾಡಿ ಮಲಗಿ.

ಕಪ್ಪುಕೋಟು ಶಿವಮೊಗ್ಗ, ಮೇ 12

ಮೇಡಂ, ನಾನು ಇಲ್ಲೇ ವಕೀಲಿ ಮಾಡುತ್ತೇನೆ. ಕುಟುಂಬ ನ್ಯಾಯಾಲಯದ ಕೇಸುಗಳೇ ಜಾಸ್ತಿ. ನಿಮ್ಮ ಕಾಗದಪತ್ರ ನೋಡದೆ ಹೇಳುತ್ತಿದ್ದೇನೆ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದಿ.

ಮೊದಲು ನಿಮ್ಮ ಭಯದ ವಿಷಯ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯಲ್ಲಿ ಐದು ವರ್ಷದ ಒಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತ ಇದೆ. ಐದು ದಾಟಿದ ಕೂಡಲೇ ಅಪ್ಪನಿಗೆ ಸೇರಬೇಕು ಅಂತ ಎಲ್ಲೂ ಇಲ್ಲ. ಜನ ಮೊದಲ ಅರ್ಧ ಓದಿ ಉಳಿದದ್ದನ್ನು ಊಹಿಸಿಕೊಂಡಿದ್ದಾರೆ. ಅದೇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಎಲ್ಲಕ್ಕಿಂತ ಮೇಲಿರುವುದು ಮಗುವಿನ ಹಿತ. ತಂದೆಯ ಹಕ್ಕೂ ಅಲ್ಲ, ತಾಯಿಯ ಹಕ್ಕೂ ಅಲ್ಲ. ಮಗು ಎಲ್ಲಿ ಹೊಂದಿಕೊಂಡಿದೆ, ಶಾಲೆ ಎಲ್ಲಿ, ಯಾರು ನೋಡಿಕೊಳ್ಳುತ್ತಿದ್ದಾರೆ, ಇವನ್ನೆಲ್ಲ ನ್ಯಾಯಾಧೀಶರು ನೋಡುತ್ತಾರೆ. ಎರಡು ವರ್ಷದಿಂದ ನಿಮ್ಮ ಹತ್ತಿರ ಇದ್ದು ಚೆನ್ನಾಗಿ ಓದುತ್ತಿರುವ ಮಗುವನ್ನು ಕಾರಣವಿಲ್ಲದೆ ಕಿತ್ತು ಕೊಡುವುದಿಲ್ಲ.

ತಂದೆ ಮೊದಲ ಪಾಲಕ, "ಅವನ ನಂತರ" ತಾಯಿ ಅಂತ ಆ ಕಾಯ್ದೆಯ 6ನೇ ಸೆಕ್ಷನ್ನಿನಲ್ಲಿದೆ. ಅದನ್ನೂ ನಿಮಗೆ ತೋರಿಸಿ ಹೆದರಿಸಬಹುದು. 1999ರಲ್ಲಿ ಸುಪ್ರೀಂ ಕೋರ್ಟ್ ಆ ಮಾತಿಗೆ ಬೇರೆ ಅರ್ಥ ಕೊಟ್ಟಿದೆ. ನಂತರ ಅಂದರೆ ತಂದೆ ಸತ್ತ ಮೇಲೆ ಅಂತ ಮಾತ್ರ ಅಲ್ಲ. ತಂದೆ ನೋಡಿಕೊಳ್ಳದೆ ದೂರ ಇದ್ದಾಗಲೂ ತಾಯಿ ಪಾಲಕಿ.

ಇನ್ನು ಆ ಕಾಗದ. ಇದರ ಬಗ್ಗೆ ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಮಗುವಿನ ಜೀವನಾಂಶ ಮಗುವಿನದು. ಅದನ್ನು ಬಿಟ್ಟುಕೊಡಲು ತಾಯಿಗೆ ಅಧಿಕಾರವೇ ಇಲ್ಲ. ಮಗುವಿಗೆ ಆಸ್ತಿಯಲ್ಲಿ ಪಾಲಿದ್ದರೆ ಅದೂ ಹಾಗೆಯೇ. ಮಗಳನ್ನು ಒಂದು ತಟ್ಟೆಯಲ್ಲಿ, ತೋಟವನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗುವ ಕಾಗದ ಅದು. ದಿನಾ ಒಂದಾದರೂ ನನ್ನ ಟೇಬಲ್ಲಿಗೆ ಬರುತ್ತದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಬಿದಿರುಮಳೆ, ಮೇ 13

ವಕೀಲರು ಹೇಳಿದ್ದು ಸರಿ ಇರಬಹುದು. ಆದರೂ ಹಿರಿಯನಾಗಿ ಒಂದು ಮಾತು. ತಂಗೀ, ಕೋರ್ಟು ಮೆಟ್ಟಿಲು ಹತ್ತಿದ ಮೇಲೆ ಎರಡು ಮನೆಯ ಸಂಬಂಧ ಪೂರ್ತಿ ಕಡಿದುಹೋಗುತ್ತದೆ. ನಮ್ಮೂರಿನಲ್ಲಿ ಎಷ್ಟೋ ಜಗಳಗಳು ಜಗಲಿ ಮೇಲೆ ಕೂತು ಮಾತಾಡಿ ಮುಗಿದಿವೆ. ಕಾಗದ ಸರಿಯಿಲ್ಲದಿದ್ದರೆ ಬೇರೆ ಬರೆಸಿ. ವಾಯಿದೆ ಮೇಲೆ ವಾಯಿದೆ ಅಂತ ಓಡಾಡಿ ಚಪ್ಪಲಿ ಸವೆಸಿದವರನ್ನು ಕಂಡಿದ್ದೇನೆ.

ಕಪ್ಪುಕೋಟು ಶಿವಮೊಗ್ಗ, ಮೇ 13

ಹಿರಿಯರೇ, ಜಗಲಿ ಮೇಲೆ ಕೂತು ಮಾತಾಡುವುದನ್ನು ನಾನು ಬೇಡ ಅನ್ನುವುದಿಲ್ಲ. ಮಾತಾಡಿ ಮುಗಿದದ್ದನ್ನು ಕೋರ್ಟಿನ ಮುಂದೆ ಇಟ್ಟು ಆದೇಶ ಮಾಡಿಸಿಕೊಳ್ಳಬೇಕು ಅನ್ನುತ್ತೇನೆ. ಛಾಪಾ ಕಾಗದದಲ್ಲಿ ಬರೆದು ನೋಟರಿ ಹಾಕಿಸಿದರೆ ಅದು ವಿಚ್ಛೇದನವೂ ಆಗುವುದಿಲ್ಲ, ಮಗು ಯಾರ ಹತ್ತಿರ ಇರಬೇಕು ಅನ್ನುವ ಆದೇಶವೂ ಆಗುವುದಿಲ್ಲ. ನಾಳೆ ಒಬ್ಬರು ಮಾತಿಗೆ ತಪ್ಪಿದರೆ ಆ ಕಾಗದದಿಂದ ಅಮಲ್ಜಾರಿ ಮಾಡಿಸಲು ಬರುವುದಿಲ್ಲ.

ಇನ್ನೊಂದು ವಿಷಯ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ ಬಂದಿದ್ದೇ ಜಗಳ ಬೆಳೆಸದೆ ರಾಜಿಗೆ ದಾರಿ ಮಾಡಲು. ಮೊದಲು ರಾಜಿಗೆ ಪ್ರಯತ್ನ ಮಾಡಬೇಕಾದ್ದು ಕೋರ್ಟಿನ ಕರ್ತವ್ಯ ಅಂತ 9ನೇ ಸೆಕ್ಷನ್ ಹೇಳುತ್ತದೆ. ನೀವು ಕೇಳಿಕೊಂಡರೆ ವಿಚಾರಣೆ ಮುಚ್ಚಿದ ಬಾಗಿಲ ಒಳಗೆ ನಡೆಯುತ್ತದೆ. ಮಧ್ಯಸ್ಥಿಕೆಯಲ್ಲಿ ಆಡಿದ ಮಾತನ್ನು ಮುಂದೆ ಸಾಕ್ಷಿಯಾಗಿ ಬಳಸುವಂತಿಲ್ಲ. ಊರಿನ ಜಗಲಿಯಲ್ಲಿ ಆಡಿದ ಮಾತು ಸಂಜೆಯೊಳಗೆ ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು ಅಲ್ವಾ?

ಹೊಸನಗರದ ಅಮ್ಮ, ಮೇ 13

ಸರ್, ನಿಮ್ಮ ಮಾತು ಓದಿ ಅಳು ಬಂತು. ಹೋದ ತಿಂಗಳಿನಿಂದ ಅದೇ ಐದು ವರ್ಷದ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ವಕೀಲರಿಗೆ ಕೊಡಲು ನನ್ನ ಹತ್ತಿರ ಜಾಸ್ತಿ ದುಡ್ಡಿಲ್ಲ. ಎಲ್ಲಿಂದ ಶುರು ಮಾಡಲಿ? ಅವರ ತೋಟದಲ್ಲಿ ನನಗೆ ಏನಾದರೂ ಹಕ್ಕು ಇದೆಯಾ? ಇದ್ದರೆ ಕೇಳಬೇಕು ಅಂತ ಹಟ ಇಲ್ಲ. ಇಲ್ಲ ಅಂತ ಗೊತ್ತಾದರೂ ಸಾಕು.

ಕಪ್ಪುಕೋಟು ಶಿವಮೊಗ್ಗ, ಮೇ 14

ದುಡ್ಡಿನ ಚಿಂತೆ ಬಿಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಮತ್ತು ಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ. ಆದಾಯ ಎಷ್ಟಿದ್ದರೂ ಸರಿ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಅರ್ಜಿ ಕೊಡಿ. ತಾಲ್ಲೂಕುಗಳಲ್ಲಿ ಅದರ ಸಮಿತಿಗಳಿವೆ. ಫೋನಿನಲ್ಲಿ ಕೇಳುವುದಾದರೆ 15100. ಮಗು ಇರುವ ಊರಿನ ಕೋರ್ಟಿನಲ್ಲೇ ಪಾಲಕತ್ವದ ಅರ್ಜಿ ಹಾಕುವುದು, ಅದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ನಿಯಮ. ಹಾಗಾಗಿ ನಿಮಗೆ ಶಿವಮೊಗ್ಗವೇ. ಆ ಕಾಯ್ದೆ ಎಲ್ಲ ಧರ್ಮದವರಿಗೂ ಇದೆ, ಬೇರೆ ಯಾರಾದರೂ ಓದುತ್ತಿದ್ದರೆ ಅವರಿಗೂ ಉಪಯೋಗ ಆಗಲಿ ಅಂತ ಹೇಳಿದೆ.

ಆಸ್ತಿ ವಿಷಯ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಎಲ್ಲರೂ ಎಡವುತ್ತಾರೆ.

ಬೇರೆಯಾದ ಹೆಂಡತಿಗೆ ಗಂಡನ ಆಸ್ತಿಯಲ್ಲಿ ಅರ್ಧ ಅನ್ನುವ ಕಾನೂನು ನಮ್ಮಲ್ಲಿ ಇಲ್ಲ. ಸಿನಿಮಾ, ಸೀರಿಯಲ್ ನೋಡಿ ಹಾಗೆ ನಂಬಿದವರು ತುಂಬಾ ಜನ. ನಿಮಗಿರುವುದು ಜೀವನಾಂಶದ ಹಕ್ಕು. ನಿಮ್ಮ ಒಡವೆಯ ಹಕ್ಕು. ಇಬ್ಬರ ಹೆಸರಿನಲ್ಲೂ ಏನಾದರೂ ಕೊಂಡಿದ್ದರೆ ಅದರಲ್ಲಿ ನಿಮ್ಮ ಭಾಗ.

ಒಡವೆ ಸ್ತ್ರೀಧನ. ಅದು ನಿಮ್ಮದೇ. ಗಂಡನ ಮನೆಯವರ ಹತ್ತಿರ ಇದ್ದರೂ ಅವರು ಕಾವಲುಗಾರರು ಮಾತ್ರ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಮದುವೆ ಫೋಟೋದಲ್ಲಿ ಆ ಸರ ಕಾಣುತ್ತದಾ ನೋಡಿ. ಅಕ್ಕಸಾಲಿಗರ ಚೀಟಿ ತವರಿನಲ್ಲಿ ಇದ್ದರೆ ಹುಡುಕಿಸಿ. ಅಡವಿಟ್ಟ ರಸೀದಿಯ ಫೋಟೋ ಇದ್ದರೆ ಇನ್ನೂ ಒಳ್ಳೆಯದು.

ತೋಟದ ಮಾತು ಬೇರೆ. ಮಾವನವರಿಗೆ ಅದು ಎಲ್ಲಿಂದ ಬಂತು ಅನ್ನುವುದೇ ಮುಖ್ಯ. ತಲೆತಲಾಂತರದಿಂದ ಬಂದ ಪಿತ್ರಾರ್ಜಿತವಾದರೆ ನಿಮ್ಮ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಇರುತ್ತದೆ. ನಿಮಗಲ್ಲ, ಮಗಳಿಗೆ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಗಟ್ಟಿ ಮಾಡಿತು. ಮಾವ ಸ್ವಂತ ದುಡಿಮೆಯಲ್ಲಿ ಕೊಂಡದ್ದಾದರೆ ಹಾಗಲ್ಲ, ಅದು ಅವರ ಇಷ್ಟ. ನಮ್ಮ ಕಡೆ ಮೂರನೇ ಥರವೂ ಇದೆ. 1974ರ ಭೂಸುಧಾರಣೆ ಕಾಲದಲ್ಲಿ ಡಿಕ್ಲರೇಶನ್ ಕೊಟ್ಟು ಬಂದ ಗೇಣಿ ಜಮೀನು. ಒಬ್ಬರ ಹೆಸರಿಗೆ ಆಗಿದ್ದರೂ ಮನೆಯವರೆಲ್ಲ ಸೇರಿ ಗೇಣಿ ಮಾಡಿದ್ದರೆ ಅದು ಕುಟುಂಬದ ಆಸ್ತಿ ಆಗಬಹುದು. ಹಳೆ ಪಹಣಿ, ಮ್ಯುಟೇಶನ್ ನೋಡದೆ ಯಾರೂ ಏನೂ ಹೇಳಲು ಆಗುವುದಿಲ್ಲ.

ಮತ್ತೊಂದು ಮಾತು. ಗಂಡ ಹೆಂಡತಿ ನಡುವಿನ ಆಸ್ತಿ ಜಗಳ ಕುಟುಂಬ ನ್ಯಾಯಾಲಯಕ್ಕೆ ಬರುತ್ತದೆ. ಮಾವ, ಮೈದುನ ಎಲ್ಲ ಸೇರಿದ ಪಾಲಿನ ದಾವೆ ಸಾಮಾನ್ಯವಾಗಿ ಸಿವಿಲ್ ಕೋರ್ಟಿಗೆ. ಅದು ವರ್ಷಗಟ್ಟಲೆ ಎಳೆಯುತ್ತದೆ. ಹಾಗಾಗಿ ಮಗಳ ಪಾಲಿನ ದಾವೆ ಇವತ್ತೇ ಹಾಕಿ ಅಂತ ನಾನು ಹೇಳುವುದಿಲ್ಲ. ಆ ಹಕ್ಕನ್ನು ಬರೆದುಕೊಡಬೇಡಿ ಅಂತ ಮಾತ್ರ ಹೇಳುತ್ತೇನೆ.

ಸಾಗರದ ಅಪ್ಪ, ಮೇ 15

ಇದುವರೆಗೆ ಓದಿ ಸುಮ್ಮನಿದ್ದೆ. ನಾನು ಆ ಕಡೆಯವನು, ಅಂದರೆ ಮಗು ಜೊತೆಯಲ್ಲಿ ಇಲ್ಲದ ಅಪ್ಪ. ನನ್ನ ತಪ್ಪನ್ನು ಹೇಳುತ್ತೇನೆ. ಅಕ್ಕ, ಆಗುವುದಾದರೆ ಇದನ್ನು ನಿಮ್ಮ ಯಜಮಾನರಿಗೂ ತೋರಿಸಿ.

ನನ್ನ ಮಗನಿಗೆ ಆಗ ಆರು ವರ್ಷ. ತಿಂಗಳಿಗೆ ಎರಡು ಶನಿವಾರ ಮಗನನ್ನು ನೋಡಬಹುದು, ತಿಂಗಳಿಗೆ ಇಷ್ಟು ದುಡ್ಡು ಕೊಡಬೇಕು ಅಂತ ಮಧ್ಯಂತರ ಆದೇಶ ಆಗಿತ್ತು. ಮೂರು ಸಲ ಹೋದಾಗ ಮಗುವಿಗೆ ಜ್ವರ, ಮಗು ಅಜ್ಜಿ ಮನೆಗೆ ಹೋಗಿದೆ ಅಂದರು. ನನಗೆ ಸಿಟ್ಟು ಬಂತು. ಮಗು ತೋರಿಸದಿದ್ದರೆ ದುಡ್ಡು ಯಾಕೆ ಕೊಡಲಿ ಅಂತ ನಿಲ್ಲಿಸಿಬಿಟ್ಟೆ. ನ್ಯಾಯ ನನ್ನ ಕಡೆ ಇದೆ ಅಂತ ನಂಬಿದ್ದೆ.

ಏಳು ತಿಂಗಳು ಆದ ಮೇಲೆ ಬಾಕಿ ವಸೂಲಿಗೆ ಅರ್ಜಿ ಬಂತು. ನ್ಯಾಯಾಧೀಶರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಈ ಏಳು ತಿಂಗಳು ನಿಮ್ಮ ಮಗ ಊಟ ಮಾಡಿದ್ದಾನಾ ಇಲ್ವಾ ಅಂತ. ನನಗೆ ಉತ್ತರ ಇರಲಿಲ್ಲ. ಭೇಟಿ ತಪ್ಪಿಸಿದ್ದಕ್ಕೆ ನಾನು ಬೇರೆ ಅರ್ಜಿ ಹಾಕಬೇಕಿತ್ತು. ದುಡ್ಡು ನಿಲ್ಲಿಸುವ ಹಾಗಿರಲಿಲ್ಲ. ಕೊಡದೆ ಇದ್ದರೆ ಜೈಲಿಗೂ ಕಳಿಸಬಹುದು ಅಂತ ಆಮೇಲೆ ತಿಳಿಯಿತು. ಜೀವನಾಂಶದ ಆ ಕಾನೂನು ಮೊದಲು ಸಿಆರ್‌ಪಿಸಿ 125ನೇ ಸೆಕ್ಷನ್ ಆಗಿತ್ತು, 2024ರ ಜುಲೈ 1ರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್.

ದುಡ್ಡು ಹೇಗೋ ಹೊಂದಿಸಿದೆ. ಕಳೆದ ಏಳು ತಿಂಗಳು ಮಾತ್ರ ವಾಪಸ್ ಬರಲಿಲ್ಲ. ಮತ್ತೆ ಕೋರ್ಟಿನ ಆವರಣದಲ್ಲಿ ಒಂದು ಗಂಟೆ ಭೇಟಿ ಸಿಕ್ಕಾಗ ಮಗ ನನ್ನ ಹತ್ತಿರ ಬರಲಿಲ್ಲ. ಬೆಂಚಿನ ಆ ತುದಿಯಲ್ಲಿ ಕೂತಿದ್ದ. ನಾನು ಚಾಕಲೇಟು, ಆಟದ ಸಾಮಾನು ತಂದಿದ್ದೆ, ಮುಟ್ಟಲಿಲ್ಲ. ಮುಂದಿನ ಸಲ ಒಂದು ಚಿತ್ರದ ಪುಸ್ತಕ, ಬಣ್ಣದ ಪೆನ್ಸಿಲು ತೆಗೆದುಕೊಂಡು ಹೋಗಿ ನಾನೊಬ್ಬನೇ ಜೋಗದ ಚಿತ್ರ ಬರೆಯಲು ಕೂತೆ. ರಾಜ, ರೋರರ್, ರಾಕೆಟ್, ರಾಣಿ ಅಂತ ನಾಲ್ಕು ಧಾರೆ ಬರೆಯಬೇಕಲ್ಲ, ನಾನು ಮೂರೇ ಬರೆದಿದ್ದೆ. ಅವನು ದೂರದಿಂದಲೇ "ಇನ್ನೊಂದು ಇದೆ ಅಪ್ಪಾ" ಅಂದ. ಅವತ್ತು ನಾನು ಬಸ್ಸಿನಲ್ಲಿ ಸಾಗರದವರೆಗೂ ಅತ್ತಿದ್ದೇನೆ.

ಮಗುವಿನ ಭೇಟಿ, ಮಗುವಿನ ಖರ್ಚು, ಆಸ್ತಿ ಈ ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ. ಒಂದನ್ನು ಎಳೆದರೆ ಇನ್ನೊಂದು ಬಿಗಿಯುತ್ತದೆ.

ಹೊಸನಗರದ ಅಮ್ಮ, ಮೇ 15

ಅಣ್ಣ, ಇದನ್ನು ಅವರಿಗೆ ಕಳಿಸಿದೆ. ನೋಡಿದ್ದಾರೆ ಅಂತ ಫೋನಿನಲ್ಲಿ ತೋರಿಸುತ್ತಿದೆ. ಉತ್ತರ ಬಂದಿಲ್ಲ.

ಎರಡು ಮನೆಯ ಹುಡುಗಿ, ಮೇ 16

ನನಗೆ ಈಗ ಇಪ್ಪತ್ತಾರು. ಅಪ್ಪ ಅಮ್ಮ ಬೇರೆಯಾದಾಗ ಒಂಬತ್ತು. ತೀರ್ಥಹಳ್ಳಿ ಹತ್ತಿರದವಳು. ಮಗುವಿನ ಕಡೆಯಿಂದ ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ.

ನ್ಯಾಯಾಧೀಶರು ನನ್ನನ್ನು ಒಳಗೆ ಕರೆದಿದ್ದರು. ಮಗುವಿಗೆ ತಿಳಿವಳಿಕೆ ಬಂದಿದ್ದರೆ ಅದರ ಇಷ್ಟ ಕೇಳಬಹುದಂತೆ. ಹಿಂದಿನ ರಾತ್ರಿ ಅಜ್ಜಿ ಹೇಳಿಕೊಟ್ಟಿದ್ದರು, ಹೀಗೆ ಹೇಳು ಅಂತ. ವಾರದ ಹಿಂದೆ ಅಪ್ಪನೂ ಹೇಳಿಕೊಟ್ಟಿದ್ದರು, ಬೇರೆ ಥರ. ಒಳಗೆ ಹೋದರೆ ಅವರು ಅದನ್ನು ಕೇಳಲೇ ಇಲ್ಲ. ಶಾಲೆಯಲ್ಲಿ ಯಾರ ಪಕ್ಕ ಕೂರುತ್ತೀಯಾ, ಮನೆಯಲ್ಲಿ ಜಡೆ ಯಾರು ಹಾಕುತ್ತಾರೆ ಅಂತ ಕೇಳಿದರು. ನಾನು ಉತ್ತರ ಹೇಳಿ ಕೊನೆಗೆ ಕಲಿಸಿದ ಮಾತನ್ನೂ ಒಪ್ಪಿಸಿಬಿಟ್ಟೆ. ಹೇಳದಿದ್ದರೆ ಅಜ್ಜಿ ಬೈಯುತ್ತಾರೆ ಅಂತ. ಆಮೇಲೆ ಎಷ್ಟೋ ವರ್ಷ ಅಪ್ಪನ ಮುಖ ನೋಡಲು ಆಗುತ್ತಿರಲಿಲ್ಲ. ನಾನೇ ಅವರನ್ನು ಸೋಲಿಸಿದೆ ಅನ್ನಿಸುತ್ತಿತ್ತು.

ಅಕ್ಕ, ನಿಮ್ಮ ಮಗಳಿಗೆ ಏನೂ ಹೇಳಿಕೊಡಬೇಡಿ. ಏನೂ. ಅಪ್ಪನ ಮನೆಯಿಂದ ಬಂದಾಗ ಅಲ್ಲಿ ಏನು ಮಾತಾಡಿದರು ಅಂತ ಕೇಳಬೇಡಿ. ಏನು ತಿಂದೆ ಅಂತ ಮಾತ್ರ ಕೇಳಿ.

ತುಂಗೆ ದಡದವಳು, ಮೇ 16

ಇದನ್ನು ಓದಿ ಕೆಲಸದ ಮಧ್ಯೆ ಎದ್ದು ಹೊರಗೆ ಹೋದೆ.

ಜಂಬಿಟ್ಟಿಗೆ ಮನೆ, ಮೇ 18

ಈ ಅಕ್ಕನ ಮನೆಯಲ್ಲಿ ಹೊಡೆತ ಬಡಿತ ಇಲ್ಲ ಅಂದರು, ಸಂತೋಷ. ಆದರೆ ಓದುವವರಲ್ಲಿ ಹೊಡೆತ ತಿನ್ನುತ್ತಿರುವವರು ಇರಬಹುದು. ಅವರು ರಾಜಿಗೆ ಕೂರಲೇಬೇಕು ಅಂತ ಯಾರೂ ಒತ್ತಾಯ ಮಾಡುವಂತಿಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಕಷ್ಟದಲ್ಲಿರುವ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರಕ್ಕೆ ಹೋಗಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮನೆಯಿಂದ ಹೊರಗೆ ಹಾಕದಂತೆ ಆದೇಶ ಸಿಗುತ್ತದೆ, ಮಗು ತಾತ್ಕಾಲಿಕವಾಗಿ ನಿಮ್ಮ ಹತ್ತಿರ ಇರುವ ಆದೇಶವೂ ಸಿಗುತ್ತದೆ. ಮನೆ ಅತ್ತೆ ಮಾವನ ಹೆಸರಿನಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ನಿಮ್ಮನ್ನು ಹೊರಗೆ ಕಳಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಾನು ಇದರಿಂದಲೇ ಬದುಕಿದವಳು.

ಹೊಸನಗರದ ಅಮ್ಮ, ಜೂನ್ 20

ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಸಿಕ್ಕರು. ಹೆಂಗಸರೇ. ತುಂಬಾ ತಾಳ್ಮೆಯಿಂದ ಕೇಳಿದರು. ಪಾಲಕತ್ವದ ಅರ್ಜಿ, ಜೀವನಾಂಶದ ಅರ್ಜಿ ಎರಡನ್ನೂ ಹಾಕಿದ್ದೇವೆ.

ಈಗ ಹೊಸ ಕಷ್ಟ. ಆಸ್ತಿ ಮತ್ತು ಆದಾಯದ ಅಫಿಡವಿಟ್ ಇಬ್ಬರೂ ಕೊಡಬೇಕಂತೆ. ನನ್ನ ಗಂಡ "ನನ್ನ ಹೆಸರಿನಲ್ಲಿ ಜಮೀನೇ ಇಲ್ಲ, ಸಂಬಳ ಇಲ್ಲ, ಅಪ್ಪನ ಮನೆಯಲ್ಲಿ ಊಟ ಮಾಡಿಕೊಂಡಿದ್ದೇನೆ" ಅಂತ ಬರೆದಿದ್ದಾರೆ. ಓದಿ ಮನಸ್ಸಿಗೆ ತುಂಬಾ ನೋವಾಯಿತು. ಎಂಟು ವರ್ಷ ಆ ತೋಟದಲ್ಲಿ ನಾನೂ ಅಡಿಕೆ ಹೆಕ್ಕಿದ್ದೇನೆ, ಸುಲಿದಿದ್ದೇನೆ, ಒಲೆ ಮುಂದೆ ಕೂತು ಬೇಯಿಸಿದ್ದೇನೆ.

ಕಪ್ಪುಕೋಟು ಶಿವಮೊಗ್ಗ, ಜೂನ್ 20

ಈ ಉತ್ತರವನ್ನು ಮಲೆನಾಡಿನ ಅರ್ಧ ಕೇಸುಗಳಲ್ಲಿ ನೋಡುತ್ತೇನೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ಸ್ ನೋಡಿದರೆ ಏನೂ ಸಿಗುವುದಿಲ್ಲ. ಆದರೆ ಅಡಿಕೆ ಗುಟ್ಟಾಗಿ ಮಾರುವ ಬೆಳೆ ಅಲ್ಲ. ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್ಕೋಸಿಗೆ ಹಾಕುತ್ತಿದ್ದರೆ ಅಲ್ಲಿ ಸದಸ್ಯರ ಲೆಕ್ಕ ಇರುತ್ತದೆ. ಖಾಸಗಿ ಮಂಡಿಗೆ ಹಾಕುತ್ತಿದ್ದರೆ ಪಟ್ಟಿ ಇರುತ್ತದೆ, ಎಷ್ಟು ಚೀಲ ರಾಶಿ, ಎಷ್ಟು ಬೆಟ್ಟೆ, ಎಷ್ಟು ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೂ. ಸೊಸೈಟಿಯಲ್ಲಿ ಬೆಳೆ ಸಾಲ ಎಷ್ಟು ಎಕರೆಗೆ, ಯಾರ ಹೆಸರಿಗೆ ತೆಗೆದಿದ್ದಾರೆ ನೋಡಿ. ಪಹಣಿಯಲ್ಲಿ ಬೆಳೆಯ ಕಾಲಂ ಇದೆ, ಸಾಲ ಋಣದ ಕಾಲಂ ಇದೆ. ನಿಮಗೆ ಕೈಯಲ್ಲಿ ಸಿಗದ ದಾಖಲೆಯನ್ನು ತರಿಸಿ ಅಂತ ಕೋರ್ಟಿಗೇ ಅರ್ಜಿ ಹಾಕಬಹುದು.

ಆ ಅಫಿಡವಿಟ್ ಸುಮ್ನೆ ಕಾಗದ ಅಲ್ಲ. 2020ರಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಕಡ್ಡಾಯ ಮಾಡಿದ್ದು. ಸುಳ್ಳು ಬರೆದರೆ ಕ್ರಮ ಆಗಬಹುದು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಅಂತಲೂ ಅದರಲ್ಲೇ ಇದೆ. ಹಾಗಂತ ಬೆಳೆಯನ್ನು ದೊಡ್ಡದು ಮಾಡಿ ತೋರಿಸಬೇಡಿ. ಕೊಳೆ, ಎಲೆಚುಕ್ಕಿ ರೋಗ ಬಂದ ವರ್ಷ ತೋಟದವರ ಕೈ ಖಾಲಿ ಇರುವುದೂ ನಿಜ. ನೀವು ಆ ಮನೆಯಲ್ಲಿ ಇದ್ದವರು, ನಿಜವಾದ ಲೆಕ್ಕ ನಿಮಗೇ ಗೊತ್ತು.

ಸಾಗರದ ಅಪ್ಪ, ಜೂನ್ 21

ವಕೀಲರಿಗೆ ಒಂದು ಪ್ರಶ್ನೆ. ನಮ್ಮ ಕಡೆ ಶರಾವತಿ ಮುಳುಗಡೆಯಿಂದ ಎದ್ದು ಬಂದವರು, ಬಗರ್ ಹುಕುಂ ಅಂದರೆ ಹಕ್ಕುಪತ್ರ ಇಲ್ಲದೆ ಸರ್ಕಾರಿ ಜಮೀನು ಸಾಗು ಮಾಡಿದವರು ಎಷ್ಟೋ ಜನ. ತೋಟ ಇದೆ, ಪಹಣಿ ಇಲ್ಲ. ಅಂಥವರ ಕೇಸಿನಲ್ಲಿ ಏನು ಮಾಡುತ್ತಾರೆ?

ಕಪ್ಪುಕೋಟು ಶಿವಮೊಗ್ಗ, ಜೂನ್ 21

ಜಮೀನಿನ ಹಕ್ಕನ್ನು ಹಂಚುವುದು ಕಷ್ಟ, ಯಾಕೆಂದರೆ ಹಕ್ಕೇ ಇವರ ಹೆಸರಿಗೆ ಆಗಿಲ್ಲ. ಆದರೆ ಜೀವನಾಂಶಕ್ಕೆ ಪಹಣಿ ಬೇಕಿಲ್ಲ. ಆ ತೋಟದಿಂದ ದುಡ್ಡು ಬರುತ್ತಿದೆ ಅಂತ ತೋರಿಸಿದರೆ ಸಾಕು.

ನಿವೃತ್ತ ಟೀಚರಮ್ಮ, ಜೂನ್ 24

ಮಗಳೇ, ನಾನು ಮೂವತ್ತು ವರ್ಷ ಮಲೆನಾಡಿನ ಶಾಲೆಗಳಲ್ಲಿ ಪಾಠ ಹೇಳಿದವಳು. ಅಪ್ಪ ಅಮ್ಮ ಬೇರೆ ಇರುವ ಮಕ್ಕಳನ್ನು ಹತ್ತಿರದಿಂದ ನೋಡಿದ್ದೇನೆ. ರಾಜಿ ಆಗುವ ಲಕ್ಷಣ ಕಂಡರೆ ಭೇಟಿಯ ವಿಷಯವನ್ನು ಸಣ್ಣ ಸಣ್ಣದಾಗಿ ಬರೆಸು. "ಅನುಕೂಲ ನೋಡಿಕೊಂಡು ಭೇಟಿ" ಅಂತ ಬರೆದರೆ ಜಗಳ ಅಲ್ಲಿಂದಲೇ ಶುರು.

ನಮ್ಮ ಕಡೆಯ ಮಳೆಯನ್ನು ಲೆಕ್ಕಕ್ಕೆ ಹಿಡಿ. ಜುಲೈನಲ್ಲಿ ಹೊಸನಗರ ರಸ್ತೆ ಹೇಗಿರುತ್ತದೆ ನಿನಗೆ ಗೊತ್ತು. ಮರ ಬಿದ್ದರೆ ಬಸ್ಸೇ ಇಲ್ಲ. ಜೋರು ಮಳೆಯ ಎರಡು ತಿಂಗಳು ಮಗು ಊರಿಗೆ ಹೋಗುವ ಬದಲು ಅಪ್ಪನೇ ಶಿವಮೊಗ್ಗಕ್ಕೆ ಬಂದು ನೋಡಲಿ. ತಪ್ಪಿದ ಭೇಟಿಯನ್ನು ಯಾವಾಗ ತುಂಬಿಕೊಡುವುದು ಅಂತ ಬರೆಸು. ಮಳೆ ರಜೆ ಇದ್ದಕ್ಕಿದ್ದಂತೆ ಕೊಡುತ್ತಾರೆ, ಅದು ಭೇಟಿಯ ದಿನ ಅಲ್ಲ ಅಂತಲೂ ಬರೆಸು. ದಸರಾ ರಜೆ, ಬೇಸಿಗೆ ರಜೆ ಅರ್ಧ ಅರ್ಧ. ಕೊಯ್ಲಿನ ಸಮಯದಲ್ಲಿ ಮನೆ ತುಂಬ ಕೆಲಸದವರು ಇರುತ್ತಾರೆ, ಮಗುವನ್ನು ನೋಡುವವರು ಇರುವುದಿಲ್ಲ, ಅದನ್ನೂ ಮಾತಾಡಿ. ದೀಪಾವಳಿ ನಮ್ಮಲ್ಲಿ ದೊಡ್ಡಹಬ್ಬ. ಗೋಪೂಜೆ ದಿನ ಕೊಟ್ಟಿಗೆ ಮುಂದೆ ಮಗು ಇರಬೇಕು ಅಂತ ಅಜ್ಜನಿಗೂ ಆಸೆ ಇರುತ್ತದೆ. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಅಂತ ಮಾಡಿಕೊಳ್ಳಿ.

ಫೋನು ಮರೆಯಬೇಡ. ಆ ಹಳ್ಳಿಯಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಯಾವ ಹೊತ್ತಿಗೆ ಸಿಗುತ್ತದೆ ಅಂತ ನೋಡಿ ಸಮಯ ಬರೆಸು. ಇಲ್ಲದಿದ್ದರೆ ಫೋನ್ ಎತ್ತಲಿಲ್ಲ ಅಂತ ಅದೇ ಒಂದು ದೂರು ಆಗುತ್ತದೆ.

ಕಪ್ಪುಕೋಟು ಶಿವಮೊಗ್ಗ, ಜೂನ್ 24

ಟೀಚರಮ್ಮ ಹೇಳಿದ್ದಕ್ಕೆ ಕೋರ್ಟಿನ ಬಲವೂ ಇದೆ. ಜೊತೆಯಲ್ಲಿ ಇಲ್ಲದ ತಂದೆ ಅಥವಾ ತಾಯಿಗೆ ದಿನಾ ಐದು ಹತ್ತು ನಿಮಿಷ ಮಗುವಿನ ಹತ್ತಿರ ಮಾತಾಡುವ ಹಕ್ಕು ಇರಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಬ್ಬರೂ ಸೇರಿ ಬೆಳೆಸುವ ಪದ್ಧತಿಗೆ ಕಾನೂನಿನಲ್ಲಿ ಜಾಗ ಕೊಡಿ ಅಂತ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ನಮ್ಮ ಹೈಕೋರ್ಟೇ 2013ರಲ್ಲಿ ಒಂದು ಕೇಸಿನಲ್ಲಿ ವರ್ಷದ ಅರ್ಧ ತಂದೆ ಹತ್ತಿರ, ಅರ್ಧ ತಾಯಿ ಹತ್ತಿರ ಅಂತ ಆದೇಶ ಮಾಡಿದೆ. ನಿಮ್ಮ ಮಗಳಿಗೆ ಅದು ಹೊಂದುವುದಿಲ್ಲ, ಎರಡು ಊರು, ಎರಡು ಶಾಲೆ ಆಗುತ್ತದೆ.

ಇನ್ನೊಂದು ಸಮಾಧಾನದ ಮಾತು. ಮಗುವಿನ ವಿಷಯದ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಪರಿಸ್ಥಿತಿ ಬದಲಾದರೆ ಮತ್ತೆ ಅರ್ಜಿ ಹಾಕಿ ಬದಲಿಸಿಕೊಳ್ಳಬಹುದು.

ಹೊಸನಗರದ ಅಮ್ಮ, ಸೆಪ್ಟೆಂಬರ್ 6

ಮಧ್ಯಸ್ಥಿಕೆಯ ಮೂರು ಬೈಠಕ್ ಆಯಿತು. ಇಷ್ಟು ದಿನ ಬರೆಯಲು ಧೈರ್ಯ ಬಂದಿರಲಿಲ್ಲ.

ಮೊದಲ ಸಲ ಮೈದುನ ಜೊತೆಗೆ ಬಂದಿದ್ದರು. ಮಧ್ಯಸ್ಥರು ಅವರನ್ನು ಹೊರಗೆ ಕೂರಿಸಿ ನಮ್ಮಿಬ್ಬರನ್ನೇ ಒಳಗೆ ಕರೆದರು. ಎರಡು ವರ್ಷದಲ್ಲಿ ನಾವಿಬ್ಬರೇ ಒಂದು ಕೋಣೆಯಲ್ಲಿ ಕೂತಿದ್ದು ಅದೇ ಮೊದಲು. ಅವರು ಸಾಗರದ ಅಣ್ಣ ಬರೆದದ್ದರ ಬಗ್ಗೆ ಏನೂ ಹೇಳಲಿಲ್ಲ. ಆದರೆ ಮಗಳ ಖರ್ಚು ಕೊಡುತ್ತೇನೆ ಅಂತ ಅವರೇ ಶುರು ಮಾಡಿದರು. ತಿಂಗಳು ತಿಂಗಳು ಜಾಸ್ತಿ ಕೊಡಲು ಕೈಯಲ್ಲಿ ದುಡ್ಡು ಓಡಾಡುವುದಿಲ್ಲ, ಅಡಿಕೆ ಕೊಟ್ಟ ಮೇಲೆಯೇ ದುಡ್ಡು ಅಂದರು. ಅದು ನಿಜ. ಹಾಗಾಗಿ ತಿಂಗಳಿಗೆ ಆರು ಸಾವಿರ, ಜನವರಿ ಕೊನೆಯೊಳಗೆ ವರ್ಷಕ್ಕೊಮ್ಮೆ ಅರವತ್ತು ಸಾವಿರ ಅಂತ ಮಾತಾಯಿತು. ಆ ಅರವತ್ತು ಸಾವಿರ ನನ್ನ ಕೈಗಲ್ಲ. ಅಂಚೆ ಕಚೇರಿಯಲ್ಲಿ ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆಗೆ. ಹತ್ತು ವರ್ಷ ತುಂಬುವುದರೊಳಗೆ ಆ ಖಾತೆ ತೆರೆಯಬೇಕಂತೆ, ನಮಗೆ ಇನ್ನೂ ಸಮಯ ಇತ್ತು.

ಎರಡನೇ ಸಲ ಗಲಾಟೆ. ಮುಂದೆ ಮಗಳು ಪಾಲು ಕೇಳುವುದಿಲ್ಲ ಅನ್ನುವ ಸಾಲು ಸೇರಿಸಲೇಬೇಕು ಅಂತ ಮೈದುನ ಹಟ ಹಿಡಿದರು. ನಾನು ಎದ್ದು ಬಂದುಬಿಡುತ್ತಿದ್ದೆ. ಮಧ್ಯಸ್ಥರು ಆ ಹಾಳೆ ತೆಗೆದುಕೊಂಡು ನನ್ನ ಗಂಡನ ಮುಂದೆ ಇಟ್ಟು, ಇದರಲ್ಲಿ ನಿಮ್ಮ ಮಗಳ ಸಹಿ ಎಲ್ಲಿ ಹಾಕಿಸುತ್ತೀರಿ ತೋರಿಸಿ ಅಂದರು. ಅವರು ತುಂಬಾ ಹೊತ್ತು ಹಾಳೆ ನೋಡಿದರು. ಆಮೇಲೆ ತಾವೇ ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದು ಹಾಕಿದರು. ತಮ್ಮನ ಹತ್ತಿರ ಏನು ಹೇಳಿದರೋ ಗೊತ್ತಿಲ್ಲ. ಮೂರನೇ ಸಲ ಮೈದುನ ಬರಲಿಲ್ಲ.

ಬಿದಿರುಮಳೆ, ಸೆಪ್ಟೆಂಬರ್ 6

ತಂಗೀ, ನನ್ನ ಮಾತು ವಾಪಸ್ ತೆಗೆದುಕೊಂಡೆ. ನಮ್ಮ ಜಗಲಿ ಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ.

ತುಂಗೆ ದಡದವಳು, ಸೆಪ್ಟೆಂಬರ್ 7

ಅಕ್ಕ, ಸರ ಏನಾಯಿತು?

ಹೊಸನಗರದ ಅಮ್ಮ, ಸೆಪ್ಟೆಂಬರ್ 7

ಬಿಡಿಸಿ ಕೊಡುತ್ತಾರೆ, ಕೊಯ್ಲು ಮುಗಿದ ಮೇಲೆ. ತೂಕ ಸಮೇತ ರಾಜಿ ಪತ್ರದಲ್ಲಿ ಬರೆದಿದೆ. ಬಳೆ ಆಗಲೇ ಕೊಟ್ಟರು, ನನ್ನ ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ತಂದಿದ್ದರು.

ಕಪ್ಪುಕೋಟು ಶಿವಮೊಗ್ಗ, ಸೆಪ್ಟೆಂಬರ್ 7

ರಾಜಿ ಪತ್ರವನ್ನು ಕೋರ್ಟು ಒಪ್ಪಿ ಆದೇಶ ಮಾಡಿದ ಮೇಲೆ ದೃಢೀಕೃತ ನಕಲು ತೆಗೆದುಕೊಳ್ಳಿ. ಒಂದನ್ನು ಶಾಲೆಗೆ ಕೊಡಿ, ಯಾರು ಬಂದು ಮಗುವನ್ನು ಕರೆದುಕೊಂಡು ಹೋಗಬಹುದು ಅಂತ ಅವರಿಗೆ ಗೊತ್ತಿರಲಿ. ಮುಂದೆ ವಿಚ್ಛೇದನವೂ ಇಬ್ಬರ ಒಪ್ಪಿಗೆಯಲ್ಲಿ ಬೇಕಾದರೆ ಒಂದು ವರ್ಷ ಬೇರೆ ಇದ್ದಿರಬೇಕು, ಅದು ನಿಮಗೆ ಆಗಿದೆ. ಅರ್ಜಿ ಹಾಕಿ ಆರು ತಿಂಗಳು ಕಾಯಬೇಕು. ಎಲ್ಲ ತೀರ್ಮಾನ ಆಗಿದ್ದರೆ ಆ ಆರು ತಿಂಗಳನ್ನು ಬಿಡುವ ಅವಕಾಶ 2017ರ ತೀರ್ಪಿನಿಂದ ಇದೆ. ಅವಸರ ಏನಿಲ್ಲ.

ಮುಂದೆ ಯಾವತ್ತಾದರೂ ರಾಜಿಯಲ್ಲಿ ಜಮೀನು ಬರೆದುಕೊಡುವ ಮಾತು ಬಂದರೆ ನನಗೆ ತಿಳಿಸಿ. ಕೇಸಿನಲ್ಲಿ ಇಲ್ಲದ ಜಮೀನನ್ನು ರಾಜಿಯಲ್ಲಿ ಸೇರಿಸಿದರೆ ಆ ಡಿಕ್ರಿಯನ್ನು ಸಬ್ ರಿಜಿಸ್ಟ್ರಾರ್ ಹತ್ತಿರ ನೋಂದಣಿ ಮಾಡಿಸಬೇಕು. ಇಲ್ಲದಿದ್ದರೆ ಖಾತೆ ಬದಲಾಗುವಾಗ ತೊಂದರೆ ಆಗುತ್ತದೆ.

ಹೊಸನಗರದ ಅಮ್ಮ, ದೀಪಾವಳಿ ಮರುದಿನ

ಈ ವರ್ಷ ದೊಡ್ಡಹಬ್ಬ ಅಪ್ಪನ ಮನೆ ಸರದಿ. ನಾನೇ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಬಿಟ್ಟು ಬಂದೆ. ಅವರು ಬಂದಿದ್ದರು. ಮಗಳು ಓಡಿ ಹೋಗಿ ಅವರ ಕೈ ಹಿಡಿದಳು, ತಿರುಗಿ ನನ್ನನ್ನು ನೋಡಿದಳು. ಹೋಗು ಪುಟ್ಟಿ ಅಂದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ, ಸುಳ್ಳು ಹೇಳುವುದಿಲ್ಲ.

ಸಂಜೆ ಏಳಕ್ಕೆ ಫೋನ್ ಅಂತ ಬರೆದಿತ್ತು. ಏಳೂವರೆ ಆದರೂ ಬರಲಿಲ್ಲ. ಮೊದಲಾಗಿದ್ದರೆ ನಾನು ಹತ್ತು ಸಲ ಮಾಡುತ್ತಿದ್ದೆ. ಕಾದೆ. ಏಳೂ ಮುಕ್ಕಾಲಿಗೆ ವಿಡಿಯೋ ಕಾಲ್ ಬಂತು. ಮನೆ ಹಿಂದಿನ ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಿಕೊಂಡು ಬಂದಿದ್ದರು ಇಬ್ಬರೂ. ಮಗಳು ಅವರ ಹೆಗಲ ಮೇಲೆ ಕೂತಿದ್ದಳು, ಕೈಯಲ್ಲಿ ಟಾರ್ಚು. ಗೌರಿ ಕರು ಹಾಕಿದೆಯಂತೆ, ಹಣೆಯಲ್ಲಿ ಬಿಳಿ ಚುಕ್ಕಿ ಇದೆಯಂತೆ, ಅದಕ್ಕೆ ಚೆಂಡು ಹೂವಿನ ಮಾಲೆ ಹಾಕಿದಳಂತೆ.

ನಾನು ಏನು ತಿಂದೆ ಅಂತ ಮಾತ್ರ ಕೇಳಿದೆ. ಕಡುಬು ಅಂದಳು.